ಹತ್ತೊಂಬತ್ತು ಮುದ್ರೆ

ಆ ಕಾಲೇಜಿನ ಲೈಬ್ರರಿಯಲ್ಲಿ ಅಮೆರಿಕನ್ ಸಾಹಿತ್ಯಕ್ಕೆಂದೇ ಒಂದು ಮೂಲೆ ಇತ್ತು. ಆ ವಿಷಯ ಓದುವ ವಿದ್ಯಾರ್ಥಿಗಳು ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದು ಕೊನೆಗೆ ಇಬ್ಬರೇ ಉಳಿದರು. ಆ ಇಬ್ಬರಲ್ಲಿ ಒಬ್ಬಳು ಮದುವೆಯಾಗಿ ಹೋದಳು. ಉಳಿದ ಒಬ್ಬನಿಗೆ ಪಾಠ ಹೇಳುವುದು ದಂಡವೆಂದು ಆಡಳಿತ ಮಂಡಳಿಯವರು ಆ ಪೇಪರನ್ನೇ ಎತ್ತಿಹಾಕಿದರು. ಪೇಪರು ಹೋದ ಮೇಲೆ ಪುಸ್ತಕಗಳಿಗೇನು ಕೆಲಸ? ಮೂಲೆಯನ್ನು ಖಾಲಿ ಮಾಡಿ, ಅಲ್ಲಿ ಪರೀಕ್ಷಾ ವಿಭಾಗದ ಜೆರಾಕ್ಸ್ ಯಂತ್ರಗಳನ್ನು ಇಡತಕ್ಕದ್ದೆಂದು ಪ್ರಿನ್ಸಿಪಾಲರು ಸುತ್ತೋಲೆ ಹೊರಡಿಸಿದರು.

ಇದ್ದ ಮುನ್ನೂರ ಹನ್ನೆರಡು ಪುಸ್ತಕಗಳಲ್ಲಿ ನಲವತ್ತನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಕಾಗದದ ಕಾರ್ಖಾನೆಗೆ ಸಾಗಹಾಕಬೇಕು. ನಲವತ್ತೇ ಏಕೆ, ನಲವತ್ತೊಂದೇಕಲ್ಲ ಎಂದು ಕೇಳುವ ಹಾಗಿಲ್ಲ. ಗೋಡೆಗೊತ್ತಿದ ಸಣ್ಣ ಕಪಾಟಿನಲ್ಲಿ ಎರಡು ಹಲಗೆ ಖಾಲಿ ಇದ್ದವು, ಯಾರೋ ಅದನ್ನು ಗೇಣಿನಲ್ಲಿ ಅಳೆದು ಲೆಕ್ಕ ಕೊಟ್ಟಿದ್ದರು. ಸಾಹಿತ್ಯವನ್ನು ಗೇಣಿನಲ್ಲಿ ಅಳೆಯುವವರ ಹತ್ತಿರ ವಾದ ಮಾಡಿ ಯಾರು ಗೆದ್ದಾರು? ತೆಗೆದುಹಾಕಿದ ಪುಸ್ತಕವನ್ನು ಯಾರಿಗೂ ಕೊಡಬಾರದು, ಯಾರೂ ಮನೆಗೆ ಒಯ್ಯಬಾರದು. ಪ್ರತಿಯೊಂದರ ಕೊನೆಯಲ್ಲಿ ಅಂಟಿಸಿದ ಚೀಟಿಯ ಮೇಲೆ ‘ರದ್ದು’ ಎಂದು ಮುದ್ರೆ ಒತ್ತಿ, ರಟ್ಟು ಹರಿದು, ಚೀಲಕ್ಕೆ ತುಂಬಬೇಕು. ಯಾವ ನಲವತ್ತು ಉಳಿಯಬೇಕೆಂಬುದನ್ನು ಮಾತ್ರ ವಿಷಯ ಬಲ್ಲವರೊಬ್ಬರು ಆರಿಸಿ ಪಟ್ಟಿಗೆ ಸಹಿ ಹಾಕಬೇಕು.

ಪೇಪರಿನ ಜೊತೆಗೆ ಅದರ ಅಧ್ಯಾಪಕರೂ ಬೇರೆ ಊರಿಗೆ ಹೋಗಿದ್ದರಿಂದ, ವಿಷಯ ಬಲ್ಲವರು ಎಂದರೆ ಉಳಿದಿದ್ದವರು ಒಬ್ಬರೇ. ಇಪ್ಪತ್ತು ವರ್ಷದ ಹಿಂದೆ ನಿವೃತ್ತರಾದ ಅವರನ್ನು ಊರಿಗೆ ಊರೇ ಅಮೆರಿಕ ಮೇಷ್ಟ್ರು ಎನ್ನುತ್ತಿತ್ತು. ಅವರು ಅಮೆರಿಕದ ಮುಖ ಕಂಡವರಲ್ಲ. ಒಮ್ಮೆ ವೀಸಾಕ್ಕೆ ಅರ್ಜಿ ಹಾಕಿ, ಫೋಟೊದಲ್ಲಿ ಕಿವಿ ಕಾಣುತ್ತಿಲ್ಲ ಎಂದು ಅದು ವಾಪಸು ಬಂದ ಮೇಲೆ ಮತ್ತೆ ಆ ಗೊಡವೆಗೆ ಹೋಗಲಿಲ್ಲ. ಆದರೆ ಅಲ್ಲಿಯ ಯಾವ ಕಾದಂಬರಿಯ ಯಾವ ಮನೆಯಲ್ಲಿ ಎಷ್ಟನೆಯ ಮೆಟ್ಟಿಲು ಕಿರುಗುಟ್ಟುತ್ತದೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಂದು ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಂಗಿಯ ಜೊತೆ ಇದ್ದರು. ಮುನ್ನೂರ ಹನ್ನೆರಡು ಪುಸ್ತಕಗಳಲ್ಲಿ ಇನ್ನೂರಕ್ಕೂ ಹೆಚ್ಚು ಅವರು ಕಾಡಿ ಬೇಡಿ ತರಿಸಿದವೇ. ತಾನು ಕಟ್ಟಿದ್ದನ್ನು ತಾನೇ ಕೆಡವುವ ಕೆಲಸಕ್ಕೆ ಅವರಿಗೆ ಕರೆ ಹೋಯಿತು.

ಕರೆಯುವ ಕೆಲಸ ಬಿದ್ದದ್ದು ಲೈಬ್ರೇರಿಯನ್ ಮೇಲೆ. ಅವಳಿಗೆ ಈಗ ನಲವತ್ತೆಂಟು. ಒಂದು ಕಾಲಕ್ಕೆ ಮೇಷ್ಟ್ರ ತರಗತಿಯಲ್ಲಿ ಮೂರನೆಯ ಬೆಂಚಿನ ಹುಡುಗಿ, ಆಮೇಲೆ ಅದೇ ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದ ನೌಕರಿ. ಸುತ್ತೋಲೆ ಓದಿದವಳೇ ಎದ್ದು ಆ ಮೂಲೆಗೆ ಹೋದಳು. ಅದಕ್ಕೆ ಕಾರಣ ಮುನ್ನೂರು ಪುಸ್ತಕವಲ್ಲ, ಒಂದೇ ಒಂದು ಪುಸ್ತಕ.

ಅಮೆರಿಕ ಮೇಷ್ಟ್ರು ಜೀವಮಾನದಲ್ಲಿ ಬರೆದದ್ದು ಒಂದೇ ಪುಸ್ತಕ. ಹಸಿರು ರಟ್ಟಿನದು, ಇನ್ನೂರ ನಲವತ್ತು ಪುಟ. ಅಮೆರಿಕದ ಕಾದಂಬರಿಗಳಲ್ಲಿ ಬರುವ ಮನೆಗಳ ಮೇಲೆ ಹನ್ನೊಂದು ವರ್ಷ ಕೂತು ಬರೆದದ್ದು. ಅದರ ಜೀವವೆಲ್ಲ ಐದನೆಯ ಅಧ್ಯಾಯದಲ್ಲಿತ್ತು. ಆ ಕಾದಂಬರಿಗಳಲ್ಲಿ ಜನ ನಿಜವಾದ ಮಾತಾಡುವುದು ಹಜಾರದಲ್ಲಲ್ಲ, ಅಡುಗೆಮನೆಯಲ್ಲಿ ಎಂದು ಅದರಲ್ಲಿ ತೋರಿಸಿದ್ದರು. ಇದನ್ನು ಬೇರೆ ಯಾವ ವಿದ್ವಾಂಸನೂ ಹೇಳಿಲ್ಲ ಎಂಬುದು ಅವರ ಹೆಮ್ಮೆ. ನಿವೃತ್ತಿಯ ವರ್ಷವೇ ಅಚ್ಚಾಯಿತು. ಅಚ್ಚು ಹಾಕಿದ ಪ್ರೆಸ್ಸಿನವನು ಮರುವರ್ಷ ಬಾಗಿಲು ಹಾಕಿದ. ಮನೆಯಲ್ಲಿದ್ದ ಪ್ರತಿಗಳು ಪೆಟ್ಟಿಗೆಯಲ್ಲಿದ್ದಾಗ ನಲ್ಲಿಯ ಪೈಪು ಒಡೆದು, ಎಲ್ಲ ನೆನೆದು ಒಂದೇ ಇಟ್ಟಿಗೆಯಾಗಿ ಕೂತವು. ಹೀಗೆ ಎಲ್ಲಿ ಹುಡುಕಿದರೂ ಉಳಿದದ್ದು ಲೈಬ್ರರಿಯ ಒಂದು ಪ್ರತಿ.

ಪ್ರತಿ ವರ್ಷ ಪರೀಕ್ಷೆ ಮುಗಿದ ವಾರ ಮೇಷ್ಟ್ರು ಲೈಬ್ರರಿಗೆ ಬರುತ್ತಿದ್ದರು. ನೇರವಾಗಿ ಆ ಮೂಲೆಗೆ ಹೋಗಿ, ಹಸಿರು ಪುಸ್ತಕವನ್ನು ಎಳೆದು, ಕೊನೆಯ ಪುಟ ಒಂದನ್ನೇ ತೆರೆದು ಚೀಟಿ ನೋಡುವರು. ಯಾರಾದರೂ ಪುಸ್ತಕ ಮನೆಗೆ ಒಯ್ದರೆ ವಾಪಸು ಕೊಡಬೇಕಾದ ತಾರೀಖನ್ನು ಆ ಚೀಟಿಯ ಮೇಲೆ ಒತ್ತುವುದು ರೂಢಿ. ಮೊದಲ ವರ್ಷ ಚೀಟಿ ಖಾಲಿ ಇತ್ತು. ಅವರು ಅದನ್ನು ನೋಡಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ಪುಸ್ತಕವನ್ನು ಮೆಲ್ಲಗೆ ಜಾಗದಲ್ಲಿಟ್ಟು, “ಹೊಸದಲ್ವಾ, ಇನ್ನೂ ಯಾರಿಗೂ ಗೊತ್ತಾಗಿಲ್ಲ,” ಎಂದು ನಕ್ಕರು. ಆ ನಗೆಯನ್ನು ನೋಡಿ ಲೈಬ್ರೇರಿಯನ್ನಿಗೆ ಅವತ್ತು ಊಟ ಸೇರಲಿಲ್ಲ.

ಎರಡನೆಯ ವರ್ಷವೂ ಚೀಟಿ ಖಾಲಿಯೇ. ಮೇಷ್ಟ್ರು ಬರುವ ಹಿಂದಿನ ದಿನ ಅವಳು ಮೂಲೆಗೆ ಹೋಗಿ, ಹಿಂದೆ ಮುಂದೆ ನೋಡಿ, ಆರು ತಿಂಗಳ ಹಿಂದಿನ ಒಂದು ತಾರೀಖನ್ನು ಒತ್ತಿಬಿಟ್ಟಳು. ಮೇಷ್ಟ್ರು ಕೊನೆಯ ಪುಟ ತೆರೆದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಯಾರಮ್ಮ ತಗೊಂಡಿದ್ದು?”

“ಒಬ್ಳು ಹುಡುಗಿ ಸರ್. ಕನ್ನಡಕ ಹಾಕ್ಕೊಂಡಿರ್ತಾಳೆ, ಸಣ್ಣಗಿದಾಳೆ,” ಎಂದಳು ಅವಳು, ಬಾಯಿಗೆ ಬಂದದ್ದನ್ನು.

ಅಲ್ಲಿಗೆ ಮುಗಿಯಿತೇ? ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುವುದು ಸುಮ್ಮನೆ ಅಲ್ಲ. ವರ್ಷಕ್ಕೊಂದು ಮುದ್ರೆ, ಮುದ್ರೆಗೊಬ್ಬ ಓದುಗ. ಒಂದು ವರ್ಷ ಕುಂಟುವ ಹುಡುಗ, ಇನ್ನೊಂದು ವರ್ಷ ಬ್ಯಾಂಕಿನ ಕೆಲಸಕ್ಕೆ ಓದುತ್ತಿದ್ದ ಅಕ್ಕ ತಂಗಿಯರು. ಮೇಷ್ಟ್ರು ಯಾರನ್ನೂ ಮರೆಯುತ್ತಿರಲಿಲ್ಲ. “ಆ ಕನ್ನಡಕದ ಹುಡುಗಿ ಏನಾದ್ಲು?” ಎಂದು ಕೇಳುವರು. ಅವಳಿಗೆ ಕೆಲಸ ಕೊಡಿಸಬೇಕಾಯಿತು. ಮತ್ತೆರಡು ವರ್ಷಕ್ಕೆ ಮದುವೆಯನ್ನೂ ಮಾಡಿಸಬೇಕಾಯಿತು. ಮದುವೆ ಎಂದು ಕೇಳಿದ್ದೇ ಮೇಷ್ಟ್ರು ಒಂದು ದಪ್ಪ ನಿಘಂಟು ಕೊಂಡು, ಅದರೊಳಗೆ ಆಶೀರ್ವಾದ ಬರೆದು, “ಅವಳಿಗೆ ತಲುಪಿಸಮ್ಮ,” ಎಂದು ತಂದುಕೊಟ್ಟರು. ಹುಟ್ಟದೇ ಇರುವ ಹುಡುಗಿಗೆ ನಿಘಂಟು ಹೇಗೆ ತಲುಪಿಸುವುದು? ಅದು ಲೈಬ್ರೇರಿಯನ್ನಿನ ಮೇಜಿನ ಕೆಳಗಿನ ಡ್ರಾಯರಿಗೆ ಸೇರಿತು.

ಲೈಬ್ರೇರಿಯನ್ನಿನ ಗಂಡ ಗಡಿಯಾರ ರಿಪೇರಿಯವನು. ಹೆಂಡತಿ ಈ ಕಥೆ ಹೇಳಿದಾಗ, ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಹೇಳಿದ್ದ: “ನಿಂತ ಗಡಿಯಾರದ ಮುಳ್ಳನ್ನ ಕೈಯಲ್ಲೇ ತಿರುಗಿಸ್ತಾ ಇದ್ದೀಯ. ಎಷ್ಟು ದಿನ ತಿರುಗಿಸ್ತೀಯ ಹೇಳು?”

“ಅವರಿರೋ ತನಕ,” ಎಂದಿದ್ದಳು ಅವಳು.

ಹತ್ತೊಂಬತ್ತು ವರ್ಷ ತಿರುಗಿಸಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಪಾಠಕ್ಕೆ ಹೊರಟವರ ಹಾಗೆ. ವಯಸ್ಸು ಎಂಬತ್ತು ದಾಟಿತ್ತು. ಅಟೆಂಡರ್ ಅವರಿಗೆ ಕುರ್ಚಿ ಎಳೆದು ಕೊಟ್ಟ. ಅವನೂ ಮುಂದಿನ ವರ್ಷ ನಿವೃತ್ತನಾಗುವವನು, ಮಾತಿಗೆ ಬರವಿಲ್ಲದವನು.

“ಕೂತ್ಕೊಳ್ಳಿ ಮೇಷ್ಟ್ರೆ. ಕಟ್ಟೋಕೆ ವರ್ಷ ಬೇಕು, ಕೆಡವೋಕೆ ನಿಮಿಷ ಸಾಕು ಅಂತಾರೆ. ನಮ್ಮ ಪ್ರಿನ್ಸಿಪಾಲ್ರು ನಿಮಗೆ ಒಂದು ದಿನ ಕೊಟ್ಟಿದ್ದಾರೆ, ದೊಡ್ಡ ಮನಸ್ಸು.”

“ನೀನು ಸುಮ್ನೆ ಟೀ ತಗೊಂಡು ಬಾರಯ್ಯ,” ಎಂದರು ಮೇಷ್ಟ್ರು.

ಮೊದಮೊದಲು ಕೆಲಸ ಸಲೀಸಾಗಿ ಸಾಗಿತು. ಲೈಬ್ರೇರಿಯನ್ ಒಂದೊಂದೇ ಪುಸ್ತಕವನ್ನು ಒರೆಸಿ ಅವರ ಮುಂದಿಡುವಳು. ಅವರು ಅದರ ಮುಖ ನೋಡಿ, ಬಲಕ್ಕೆ ಅಥವಾ ಎಡಕ್ಕೆ ಸರಿಸುವರು. ಬಲ ಉಳಿಯುವುದು, ಎಡ ಹೋಗುವುದು. ಬೇಗ ಬೇಗ ಹೋದವು ಪರೀಕ್ಷೆಯ ಗೈಡುಗಳು. “ಇವು ಸತ್ರೆ ಯಾರೂ ಅಳಲ್ಲ,” ಎಂದರು. ಆಮೇಲೆ ಬಂದವು ಮೂರು ಸಂಪುಟದ ಇತಿಹಾಸಗಳು, ಕವಿತೆಯ ಛಂದಸ್ಸಿನ ಮೇಲಿನ ಅಧ್ಯಯನಗಳು, ಗುಲಾಮರ ಆತ್ಮಕಥೆಗಳ ಮೇಲಿನದು, ನಾಟಕದ್ದು, ಹಳ್ಳಿಗಾಡಿನ ಸಣ್ಣಕತೆಗಳದ್ದು. ಅಲ್ಲಿಂದ ಮುಂದೆ ಕೈ ನಿಧಾನವಾಯಿತು. ಒಂದನ್ನು ಬಲಕ್ಕಿಡುವರು, ಹತ್ತು ಪುಸ್ತಕ ಕಳೆದ ಮೇಲೆ ಅದನ್ನೇ ಎತ್ತಿ ಎಡಕ್ಕಿಡುವರು. “ಇವನು ಜಂಬದವನು, ಆದರೆ ಸರಿಯಾಗಿ ಓದಿದ್ದಾನೆ. ಇವನು ಸಭ್ಯ, ಏನೂ ಹೇಳಿಲ್ಲ. ಇವಳು ಇಡೀ ಪುಸ್ತಕವನ್ನ ಮುನ್ನುಡಿಯಲ್ಲೇ ಮುಗಿಸಿದ್ದಾಳೆ.” ಪುಸ್ತಕಗಳನ್ನಲ್ಲ, ನೆಂಟರನ್ನು ಬೀಳ್ಕೊಡುತ್ತಿದ್ದ ಹಾಗಿತ್ತು.

ಮಧ್ಯಾಹ್ನ ಎರಡೂವರೆಗೆ ಬಲಗಡೆ ಮೂವತ್ತೊಂಬತ್ತಾದವು. ಮೇಜಿನ ಮೇಲೆ ಉಳಿದದ್ದು ಎರಡು.

ಒಂದು ಹಸಿರು ರಟ್ಟಿನದು. ಇನ್ನೊಂದು ಏಳುನೂರು ಪುಟದ ಕಂದು ಪುಸ್ತಕ, ಅಮೆರಿಕದ ಕಾದಂಬರಿಗಳ ಊರು, ದಾರಿ, ಬಯಲುಗಳ ಮೇಲೆ ಅಲ್ಲಿಯದೇ ಒಬ್ಬ ವಿದುಷಿ ಬರೆದದ್ದು. ಮೇಷ್ಟ್ರ ಅಭಿಪ್ರಾಯದಲ್ಲಿ ಆ ವಿಷಯದ ಮೇಲೆ ಅದಕ್ಕಿಂತ ಒಳ್ಳೆಯ ಪುಸ್ತಕ ಬಂದಿಲ್ಲ, ಬರುವುದೂ ಇಲ್ಲ. ಅದನ್ನು ಮೂರು ಸಲ ಓದಿದ ಮೇಲೆಯೇ ಅವರಿಗೆ ತಮ್ಮ ಪುಸ್ತಕ ಬರೆಯುವ ಧೈರ್ಯ ಬಂದದ್ದು. ಮೇಷ್ಟ್ರು ಅದರ ಕೊನೆಯ ಪುಟ ತೆರೆದರು. ಚೀಟಿಯ ಮೇಲೆ ಒಂದೇ ಒಂದು ಮುದ್ರೆಯೂ ಇರಲಿಲ್ಲ. ಅವರು ಅದನ್ನು ಓದಿದ್ದೆಲ್ಲ ಲೈಬ್ರರಿಯ ಮೇಜಿನಲ್ಲೇ ಕೂತು.

“ಇದು ಕಷ್ಟ ಕಣಮ್ಮ,” ಎಂದರು.

“ಏನ್ ಕಷ್ಟ ಸರ್. ನಿಮ್ಮದು ಇಡಿ,” ಎಂದಳು ಅವಳು. ಬೆಳಗಿನಿಂದ ಇದಕ್ಕೇ ಕಾದಿದ್ದಳು. “ಲೈಬ್ರರಿ ಅಂದ್ರೆ ಜನ ಓದೋದನ್ನ ಇಡ್ಬೇಕು ಸರ್. ನಿಮ್ಮದು ಹತ್ತೊಂಬತ್ತು ಸಲ ಹೋಗಿದೆ. ಅದು ಒಂದು ಸಲವೂ ಹೋಗಿಲ್ಲ. ಇದರಲ್ಲಿ ಯೋಚನೆ ಮಾಡೋದೇನಿದೆ?”

ಮೇಷ್ಟ್ರು ಹಸಿರು ಪುಸ್ತಕದ ಕೊನೆಯ ಪುಟ ತೆರೆದು ಮುದ್ರೆಗಳ ಮೇಲೆ ಬೆರಳಾಡಿಸಿದರು. ಅವರ ಮುಖ ಅರಳಿತು. ಅದನ್ನು ನೋಡಿ ಅವಳಿಗೂ ಸಮಾಧಾನವಾಯಿತು. ಹತ್ತೊಂಬತ್ತು ವರ್ಷದ ಪಾಪ ಇವತ್ತು ಪುಣ್ಯಕ್ಕೆ ತಿರುಗಿತಲ್ಲ ಎಂದುಕೊಂಡಳು.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ,” ಎಂದರು ಮೇಷ್ಟ್ರು. “ನನಗೆ ನನ್ನ ಪುಸ್ತಕದ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಆದರೆ ನೋಡು, ಇದರ ಆಯುಸ್ಸು ತುಂಬಿದೆ. ಹತ್ತೊಂಬತ್ತು ಮಕ್ಕಳು ಓದಿದ್ದಾರೆ. ಆ ಕನ್ನಡಕದ ಹುಡುಗಿ ಓದಿದ್ದಾಳೆ, ಆ ಕುಂಟು ಹುಡುಗ ಓದಿದ್ದಾನೆ. ಅವರ ತಲೇಲಿ ಎಲ್ಲೋ ಒಂದು ಮಾತು ಉಳಿದಿರುತ್ತೆ, ಅಷ್ಟು ಸಾಕು. ಈ ತಾಯಿ ನೋಡು, ಏಳುನೂರು ಪುಟ ಬರೆದು ಒಬ್ಬರೂ ಮುಟ್ಟದೆ ಕೂತಿದ್ದಾಳೆ. ಒಂದು ಅವಕಾಶ ಅಂತ ಇದ್ರೆ ಅದು ಇವಳಿಗೆ ಸಿಗ್ಬೇಕು. ನಂದು ಹೋಗ್ಲಿ.”

ಹಸಿರು ಪುಸ್ತಕವನ್ನು ಅವರು ಎಡಕ್ಕೆ ಸರಿಸಿದರು.

ಲೈಬ್ರೇರಿಯನ್ನಿನ ಕೈ ಹಸಿರು ಪುಸ್ತಕದತ್ತ ಹೋಗಿ ಹಿಂದೆ ಬಂತು. ಅತ್ತ ದರಿ, ಇತ್ತ ಪುಲಿ. ಈ ಪುಸ್ತಕವನ್ನು ಯಾರೂ ಓದಿಲ್ಲ, ಆ ಮುದ್ರೆಗಳೆಲ್ಲ ನನ್ನವು ಎಂದರೆ ಪುಸ್ತಕ ಉಳಿಯುತ್ತದೆ, ಮೇಷ್ಟ್ರು ಉಳಿಯುವುದಿಲ್ಲ. ಸುಮ್ಮನಿದ್ದರೆ ಮೇಷ್ಟ್ರು ನಗುತ್ತ ಮನೆಗೆ ಹೋಗುತ್ತಾರೆ, ಜಗತ್ತಿನಲ್ಲಿ ಉಳಿದಿರುವ ಒಂದೇ ಪ್ರತಿ ಕಾರ್ಖಾನೆಯ ತೊಟ್ಟಿಗೆ ಬಿದ್ದು ರಾಡಿಯಾಗುತ್ತದೆ. ಅವಳು ಮಾಡಿದ ಉಪಕಾರವೇ ಅವರ ಪುಸ್ತಕದ ಕುತ್ತಿಗೆಗೆ ಬಂದಿತ್ತು.

ಅಟೆಂಡರ್ ಚೀಲ ಜೋಡಿಸುವ ನೆಪದಲ್ಲಿ ಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಕಾಲೇಜಿನಲ್ಲಿ ಮುದ್ರೆಯ ಗುಟ್ಟು ಗೊತ್ತಿದ್ದವನು ಅವನೊಬ್ಬನೇ.

“ಬಾಯಿ ಬಿಡ್ಬೇಡಿ ಮೇಡಂ. ಗುಮಾಸ್ತರು ಬಂದು ಎಣಿಸೋದು ನಾಲ್ಕು ಗಂಟೆಗೆ, ಅದೂ ಬರೀ ರಟ್ಟನ್ನ. ರಟ್ಟು ಚೀಲಕ್ಕೆ ಹಾಕಿ, ಒಳಗಿನದನ್ನ ನಿಮ್ಮ ಬ್ಯಾಗಿಗೆ ಇಳಿಸಿಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಅವಳಿಗೆ ಹೋದ ಜೀವ ಬಂದಂತಾಯಿತು. ಸರಿ, ಹಾಗೇ ಮಾಡುವುದು. ಮೇಷ್ಟ್ರ ಮುಂದೆ ಪಟ್ಟಿ ಇಟ್ಟು ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. “ಸಹಿ ಮಾಡಿಬಿಡಿ ಸರ್, ಸುಸ್ತಾಗಿದೀರ.”

ಮೇಷ್ಟ್ರು ಪೆನ್ನು ಹಿಡಿದವರು ನಿಂತರು.

“ಒಂದು ನಿಮಿಷ. ಹೋಗೋ ಮೊದಲು ಆ ಅಡುಗೆಮನೆ ಅಧ್ಯಾಯದ್ದು ಎರಡು ಸಾಲು ಓದ್ತೀನಿ, ಕೇಳು. ನೀನು ಮೂರನೇ ಬೆಂಚಲ್ಲಿ ಕೂತಿದ್ದಾಗ ನಾನಿನ್ನೂ ಅದನ್ನ ಬರೆದಿರಲಿಲ್ಲ.”

ಎಡಗಡೆಯ ರಾಶಿಯಿಂದ ಹಸಿರು ಪುಸ್ತಕವನ್ನು ಎತ್ತಿಕೊಂಡು, ಪುಟ ಸಂಖ್ಯೆ ನೋಡದೆ ಅಂದಾಜಿನಲ್ಲೇ ನಡುವಿಗೆ ತೆರೆದರು. ಪುಟ ತೆರೆಯಲಿಲ್ಲ. ಹೆಬ್ಬೆರಳಿನಿಂದ ಮತ್ತೆ ಪ್ರಯತ್ನಿಸಿದರು. ಪುಸ್ತಕವನ್ನು ಕಣ್ಣಿನ ಹತ್ತಿರ ತಂದು ಮೇಲಂಚು ನೋಡಿದರು.

ದೊಡ್ಡ ಹಾಳೆಯನ್ನು ಮಡಿಸಿ ಹೊಲಿದು, ಅಂಚು ಕತ್ತರಿಸಿದ ಮೇಲೆಯೇ ಪುಟಗಳು ಬಿಡಿಬಿಡಿಯಾಗುವುದು. ಈ ಪ್ರತಿಯಲ್ಲಿ ನಡುವಿನ ಒಂದು ಮಡಿಕೆ ಮಿಕ್ಕವುಗಳಿಗಿಂತ ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಬೈಂಡರನ ಕತ್ತಿ ಅದಕ್ಕೆ ತಾಗಿಯೇ ಇರಲಿಲ್ಲ. ಐದನೆಯ ಅಧ್ಯಾಯದ ಹದಿನಾರು ಪುಟಗಳು ಮೇಲಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ಪ್ರೆಸ್ಸಿನಿಂದ ಬಂದ ದಿನ ಹೇಗಿದ್ದವೋ ಹಾಗೇ ಇದ್ದವು. ಓದಬೇಕೆಂದವರು ಯಾರೇ ಆಗಲಿ, ಅಡಿಪಟ್ಟಿಯಿಂದಲೋ ಬೆರಳಿನಿಂದಲೋ ಸೀಳಲೇಬೇಕಿತ್ತು. ಹತ್ತೊಂಬತ್ತು ಜನರಲ್ಲಿ ಒಬ್ಬರೂ ಸೀಳಿರಲಿಲ್ಲ.

ಅವಳಿಗೆ ಇದು ಗೊತ್ತಿರಲಿಲ್ಲ. ಅವಳು ತೆರೆದದ್ದೂ ಪ್ರತಿ ವರ್ಷ ಕೊನೆಯ ಪುಟ ಒಂದನ್ನೇ.

ಮೇಷ್ಟ್ರು ಬಹಳ ಹೊತ್ತು ಆ ಅಂಚನ್ನೇ ನೋಡಿದರು. ಆಮೇಲೆ ಪುಸ್ತಕವನ್ನು ತಿರುಗಿಸಿ ಚೀಟಿ ನೋಡಿದರು. ಮುದ್ರೆಗಳು ಸಾಲಾಗಿ, ನೆಟ್ಟಗೆ, ಒಂದೇ ಕೈಯ ಒಂದೇ ಒತ್ತಡದಲ್ಲಿ ಬಿದ್ದಿದ್ದವು. ಅವರು ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರು. ನಕಲು ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇವೆಲ್ಲ?” ಎಂದರು.

“ನಾನೇ ಸರ್.”

ಅಟೆಂಡರ್ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ಹೋದ.

“ಕನ್ನಡಕದ ಹುಡುಗಿ?”

“ಇರ್ಲಿಲ್ಲ ಸರ್.”

“ಮದುವೆ ಆಯ್ತು ಅಂದಿದ್ಯಲ್ಲ.”

ಅವಳು ಮುದ್ರೆಯ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದಳು.

“ನಿಘಂಟು?”

ಅವಳು ಬಗ್ಗಿ ಕೆಳಗಿನ ಡ್ರಾಯರ್ ಎಳೆದು ನಿಘಂಟನ್ನು ತೆಗೆದು ಮೇಜಿನ ಮೇಲಿಟ್ಟಳು. ಕಟ್ಟಿದ ರಿಬ್ಬನ್ ಹಾಗೇ ಇತ್ತು. ಮೇಷ್ಟ್ರು ರಿಬ್ಬನ್ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದರು. ಅದನ್ನು ಕೇಳುವಾಗ ಅವರ ದನಿಯಲ್ಲಿ ಇನ್ನೂ ಒಂದಿಷ್ಟು ಆಸೆ ಇತ್ತು.

“ಹೋಗ್ಲಿ ಬಿಡು. ನೀನಾದ್ರೂ ಓದಿದ್ಯಾ?”

ಸುಳ್ಳು ಹೇಳಿ ಅಭ್ಯಾಸವಿತ್ತಲ್ಲ, ಬಾಯಿ ತಾನಾಗಿ ತೆರೆಯಿತು. ಆದರೆ ಸೀಳದ ಹದಿನಾರು ಪುಟ ಅವರ ಕೈಯಲ್ಲೇ ಇತ್ತು. ಅವಳು ತಲೆ ತಗ್ಗಿಸಿ ಇಲ್ಲವೆಂದಳು. ಅವಳ ಮನಸ್ಸಿನಲ್ಲಿ ಇದ್ದದ್ದೇನು? ಯಾರೂ ಒಯ್ಯದ ಪುಸ್ತಕ, ಒಳ್ಳೆಯ ಮನುಷ್ಯ ಬರೆದ ಸಪ್ಪೆ ಪುಸ್ತಕವಿರಬೇಕು, ಓದಿ ನಿರಾಸೆಯಾಗುವುದಕ್ಕಿಂತ ಓದದಿರುವುದೇ ಮೇಲು ಎಂದುಕೊಂಡಿದ್ದಳು. ಅವಳು ಅವರನ್ನು ಹತ್ತೊಂಬತ್ತು ವರ್ಷ ಮರುಕದಿಂದ ನೋಡಿದ್ದಳು, ಒಂದು ದಿನವೂ ಓದುಗಿಯಾಗಿ ನೋಡಿರಲಿಲ್ಲ. ಅದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು, ಅವರಿಗೂ ಗೊತ್ತಾಯಿತು.

ಮೇಷ್ಟ್ರು ಪಟ್ಟಿಯನ್ನು ಎಳೆದುಕೊಂಡು, ನಲವತ್ತನೆಯ ಸಾಲಿನಲ್ಲಿ ಕಂದು ಪುಸ್ತಕದ ಹೆಸರು ಬರೆದು, ಸಹಿ ಹಾಕಿದರು.

“ಸರ್, ನಾನು ಇದನ್ನ ಮನೆಗೆ ತಗೊಂಡ್ಹೋಗ್ತೀನಿ. ಇವತ್ತೇ ಓದ್ತೀನಿ.”

“ಬೇಡಮ್ಮ. ಅಯ್ಯೋ ಪಾಪ ಅಂತ ಓದಿಸ್ಕೊಳ್ಳೋಕೆ ನಾನು ಹನ್ನೊಂದು ವರ್ಷ ಕೂತಿರಲಿಲ್ಲ,” ಎಂದು ಅವರು ಎದ್ದರು. “ನಿಘಂಟು ಯಾರಿಗಾದ್ರೂ ಕೊಡು. ಇರೋ ಮಕ್ಕಳಿಗೆ ಕೊಡು.”

ಅಟೆಂಡರ್ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದ. ಕಿಟಕಿಯಿಂದ ಅವಳಿಗೆ ಅವರ ಬೆನ್ನು ಕಾಣುತ್ತಿತ್ತು. ಗೇಟಿನ ಹತ್ತಿರ ನಿಂತು, ಯಾವ ಕಡೆ ಹೋಗಬೇಕೆಂದು ಮರೆತವರ ಹಾಗೆ ಎರಡೂ ಕಡೆ ನೋಡಿ, ಆಮೇಲೆ ಕನ್ನಡಕದ ಅಂಗಡಿಯ ಕಡೆ ತಿರುಗಿದರು. ಮುಂದಿನ ವರ್ಷ ಪರೀಕ್ಷೆ ಮುಗಿದ ವಾರ ಅವರು ಬರುವುದಿಲ್ಲ. ಬರಲು ಯಾವ ಕಾರಣವನ್ನೂ ಅವಳು ಉಳಿಸಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ಅವಳು ಸ್ಟೀಲಿನ ಅಡಿಪಟ್ಟಿ ತೆಗೆದುಕೊಂಡು ಆ ಹದಿನಾರು ಪುಟಗಳನ್ನು ಒಂದೊಂದಾಗಿ ಸೀಳಿದಳು. ನಿಂತಲ್ಲೇ ಓದತೊಡಗಿದಳು. ಮೊದಲ ಪುಟದಲ್ಲಿ ಒಂದು ಕಾದಂಬರಿಯ ಅಡುಗೆಮನೆ. ಗಂಡ ಸತ್ತ ಸುದ್ದಿ ತಂದವನು ಹಜಾರದಲ್ಲಿ ಹವಾಮಾನದ ಮಾತಾಡುತ್ತಾನೆ. ಆ ಹೆಂಗಸು ಪಾತ್ರೆ ತೊಳೆಯಲು ಒಳಗೆ ಹೋದಾಗ ಹಿಂದೆಯೇ ಹೋಗಿ, ಒದ್ದೆ ಬಟ್ಟೆ ತೆಗೆದುಕೊಂಡು ಒಂದು ತಟ್ಟೆ ಒರೆಸುತ್ತ ನಿಜ ಹೇಳುತ್ತಾನೆ. ಕೈಗೆ ಕೆಲಸವಿಲ್ಲದೆ ಮನುಷ್ಯನಿಂದ ನಿಜ ಹೇಳಲಾಗುವುದಿಲ್ಲ ಎಂದು ಮೇಷ್ಟ್ರು ಬರೆದಿದ್ದರು. ಲೈಬ್ರೇರಿಯನ್ನಿಗೆ ತನ್ನ ಗಂಡ ನೆನಪಾದ, ಭೂತಗನ್ನಡಿ ತೆಗೆಯದೆ ಮಾತಾಡುವವನು. ಅವಳು ಪುಟ ತಿರುಗಿಸಿದಳು. ಮತ್ತೊಂದು ತಿರುಗಿಸಿದಳು. ನಾಲ್ಕನೆಯ ಪುಟದಲ್ಲಿ ಒಂದು ಕಡೆ ನಕ್ಕಳು. ಆರನೆಯ ಪುಟಕ್ಕೆ ಬರುವಾಗ ಅವಳ ಕಣ್ಣು ತುಂಬಿತ್ತು, ಮರುಕದಿಂದಲ್ಲ.

ಪುಸ್ತಕ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲ ಸೀಳಿ ನೋಡಿದ್ದರೆ, ಕನ್ನಡಕದ ಹುಡುಗಿಯನ್ನು ಹುಟ್ಟಿಸುವ ಅಗತ್ಯವೇ ಇರಲಿಲ್ಲ. ತಾನೇ ಓದಿ, ಇನ್ನೊಬ್ಬರ ಕೈಗೆ ಕೊಟ್ಟು, ನಿಜವಾದ ಮುದ್ರೆ ಒತ್ತಬಹುದಿತ್ತು.

ಮೇಷ್ಟ್ರು ಬೇಡವೆಂದರೂ ಇದನ್ನು ಮನೆಗೆ ಒಯ್ಯುವುದೇ ಸೈ ಎಂದು ಅವಳು ಬ್ಯಾಗಿನ ಜಿಪ್ ಎಳೆದಳು. ಅಷ್ಟರಲ್ಲಿ ಗುಮಾಸ್ತರು ಒಳಗೆ ಬಂದು ಮೇಜಿನ ಮೇಲಿದ್ದ ಪಟ್ಟಿ ಎತ್ತಿಕೊಂಡರು. ನಾಲ್ಕಕ್ಕೆ ಬರಬೇಕಾದವರು ಮೂರೂಕಾಲಿಗೇ ಬಂದಿದ್ದರು, ಲಾರಿ ಬೇಗ ಬಂದಿತ್ತಂತೆ.

“ಕೈಯಲ್ಲಿರೋದು ಯಾವ ಕಡೇದು ಮೇಡಂ?”

“ಇದು... ಇದನ್ನ ನಾನು ಓದ್ತಾ ಇದ್ದೆ.”

“ಪಟ್ಟೀಲಿದ್ಯಾ?” ಎಂದು ಅವರು ಪುಸ್ತಕ ತೆಗೆದುಕೊಂಡು ನಂಬರು ನೋಡಿದರು. ನಲವತ್ತರಲ್ಲಿ ಇರಲಿಲ್ಲ. ಅಭ್ಯಾಸಬಲದಿಂದ ಕೊನೆಯ ಪುಟ ತೆರೆದು ಚೀಟಿ ನೋಡಿದರು. ಅವರು ಕೆಟ್ಟವರೇನಲ್ಲ. ಅವಳ ಮುಖ ನೋಡಿ ಸಮಾಧಾನದ ಮಾತೇ ಆಡಿದರು.

“ಬೇಜಾರು ಮಾಡ್ಕೋಬೇಡಿ. ಮಿಕ್ಕವೆಲ್ಲ ಹಾಗೇ ಕೂತು ಕೂತು ಹೋಗ್ತಿವೆ. ಇದಾದ್ರೂ ಹತ್ತೊಂಬತ್ತು ಜನರ ಕೈಗೆ ಹೋಗಿ ಬಂದಿದೆ. ಚೆನ್ನಾಗಿ ಬಾಳಿದ ಪುಸ್ತಕ. ಹೊಡೀರಿ ಮುದ್ರೆ.”

ಅವರು ಎದುರಿಗೇ ನಿಂತಿದ್ದರು. ಚೀಟಿಯಲ್ಲಿ ಇಪ್ಪತ್ತು ಗೆರೆಗಳಿದ್ದವು, ಕೊನೆಯದೊಂದು ಖಾಲಿ ಇತ್ತು. ಅವಳು ‘ರದ್ದು’ ಮುದ್ರೆಯನ್ನು ಶಾಯಿಗೆ ಒತ್ತಿ, ಆ ಗೆರೆಯ ಮೇಲೆ ಎಂದಿನಂತೆ ನೆಟ್ಟಗೆ ಒತ್ತಿದಳು. ಅಟೆಂಡರ್ ಬಂದು, ರಟ್ಟು ನಾನು ಹರೀತೀನಿ ಬಿಡಿ ಎಂದು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡ. ಅವಳಿಗೆ ಇನ್ನೂ ಹತ್ತು ಪುಟ ಬಾಕಿ ಇತ್ತು.